16383 ಮತ್ತು 39

ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಯಾವ ಹುಡುಗನ ಕಂಪ್ಯೂಟರಿನ ಮುಂದೆ ಬೇಕಾದರೂ ಕೂತು, ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ತೆರೆದು, ಓಎಸ್ ಎಂದು ಟೈಪ್ ಮಾಡಿ ನೋಡಿ. ಆಬ್ಜೆಕ್ಟ್ ಸ್ನ್ಯಾಪ್ ಪಟ್ಟಿಯ ಹದಿನಾಲ್ಕು ಚೌಕಗಳಲ್ಲೂ ಟಿಕ್ ಬಿದ್ದಿರುತ್ತದೆ. ಪಕ್ಕದಲ್ಲಿ ಸೆಲೆಕ್ಟ್ ಆಲ್ ಎಂಬ ಗುಂಡಿ ಇದೆಯಲ್ಲ, ಒತ್ತಿಬಿಟ್ಟಿರುತ್ತಾರೆ. ಆ ಗುಂಡಿಯ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಇವತ್ತು ಬರೆದೇ ತೀರಿಸಿಕೊಳ್ಳುತ್ತೇನೆ.

ಡ್ರಾಯಿಂಗ್ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಗೆರೆಯ ತುದಿ, ನಡುಬಿಂದು, ವೃತ್ತದ ಕೇಂದ್ರ, ಎರಡು ಗೆರೆ ಕೂಡುವ ಜಾಗ, ಇಂಥವುಗಳ ಹತ್ತಿರ ಕರ್ಸರ್ ಹೋದರೆ ಸಾಫ್ಟ್‌ವೇರ್ ಅದನ್ನು ಎಳೆದು ಕರಾರುವಾಕ್ಕಾಗಿ ಆ ಬಿಂದುವಿನ ಮೇಲೆಯೇ ಕೂರಿಸುತ್ತದೆ. ಅದೇ ಸ್ನ್ಯಾಪ್. ತುದಿಗೆ ಪುಟ್ಟ ಚೌಕ, ನಡುಬಿಂದುವಿಗೆ ತ್ರಿಕೋನ, ಕೇಂದ್ರಕ್ಕೆ ವೃತ್ತ, ಹೀಗೆ ಗುರುತೂ ತೋರಿಸುತ್ತದೆ. ಟಿ-ಸ್ಕ್ವೇರ್ ಪಟ್ಟಿ ಹಿಡಿದು ಕಾಗದದ ಮೇಲೆ ಗೆರೆ ಎಳೆದು ಕಲಿತ ನನ್ನಂಥವನಿಗೆ ಇದು ವರವೇ ಸರಿ. ಆದರೆ ಯಾವ ಬಿಂದುವನ್ನು ಹಿಡಿಯಬೇಕೆಂದು ಹೇಳಬೇಕಾದವರು ನಾವು.

ಕಳೆದ ಮಳೆಗಾಲದ ಮಾತು. ಒಂದು ಯಂತ್ರದ ಮುಚ್ಚಳದ ಪ್ಲೇಟು, 6 ಮಿ.ಮೀ. ದಪ್ಪ, ಮೀಟರಿಗಿಂತ ತುಸು ಹೆಚ್ಚು ಉದ್ದ. ಎರಡೂ ಅಂಚಿಗೆ ಎಂ10, ಅಂದರೆ 10 ಮಿ.ಮೀ. ವ್ಯಾಸದ, ಬೋಲ್ಟ್ ಹೋಗಲು 11 ಮಿ.ಮೀ. ತೂತುಗಳು. ಹುಡುಗ ಚುರುಕು. ಎಡಗಡೆಯ ತೂತುಗಳ ಸಾಲನ್ನು ಬಲಗಡೆಗೆ ಕಾಪಿ ಮಾಡಿ ಹತ್ತು ನಿಮಿಷದಲ್ಲಿ ಮುಗಿಸಿದ. ಫೈಲು ಲೇಸರ್ ಕಟಿಂಗಿಗೆ ಹೋಯಿತು, 18 ಪ್ಲೇಟು ಕತ್ತರಿಸಿ ಬಂದವು. ಜೋಡಿಸಲು ನಿಂತರೆ ಬಲಗಡೆ ಒಂದು ಬೋಲ್ಟೂ ಇಳಿಯಲಿಲ್ಲ.

ಮೊದಲು ಬೈಸಿಕೊಂಡವನು ಲೇಸರ್ ಯಂತ್ರದ ಆಪರೇಟರ್. ಪಾಪ, ಅವನದೇನೂ ತಪ್ಪಿರಲಿಲ್ಲ. ನಾನು ಕ್ಯಾಲಿಪರ್ ಹಿಡಿದು ಅಳೆದೆ. ಇಡೀ ಸಾಲು 5.5 ಮಿ.ಮೀ. ಪಕ್ಕಕ್ಕೆ ಸರಿದಿತ್ತು. 5.5 ಎಂದರೆ 11ರಲ್ಲಿ ಸರಿಯಾಗಿ ಅರ್ಧ. ಯಂತ್ರ ಕೆಟ್ಟು ಆದ ತಪ್ಪು ಇಷ್ಟು ಲೆಕ್ಕ ಹಿಡಿದು ಬರುವುದಿಲ್ಲ. ಕಾಪಿ ಮಾಡುವಾಗ ತೂತಿನ ಕೇಂದ್ರ ಹಿಡಿಯಬೇಕಾಗಿದ್ದ ಕರ್ಸರ್, ಅಂಚಿನ ಕ್ವಾಡ್ರಂಟ್, ಅಂದರೆ ವೃತ್ತದ ಮೇಲೆ, ಕೆಳಗೆ, ಎಡ, ಬಲ ತುದಿಗಳ ನಾಲ್ಕು ಬಿಂದುಗಳಲ್ಲೊಂದನ್ನು, ಹಿಡಿದಿತ್ತು. ಪೂರ್ತಿ ಪ್ಲೇಟು ಪರದೆಯಲ್ಲಿ ಕಾಣುವಂತೆ ಇಟ್ಟುಕೊಂಡಾಗ ಆ ತೂತು ಹದಿನೈದು ಪಿಕ್ಸೆಲ್ ಅಗಲ ಇದ್ದರೆ ಹೆಚ್ಚು. ಸ್ನ್ಯಾಪ್ ಹುಡುಕುವ ಚೌಕ, ಅಂದರೆ ಅಪರ್ಚರ್, ಮೊದಲಿನಿಂದ 10ಕ್ಕೆ ಇಟ್ಟಿರುತ್ತದೆ. ಕೇಂದ್ರವೂ ನಾಲ್ಕು ಕ್ವಾಡ್ರಂಟುಗಳೂ ಅದೊಂದೇ ಚೌಕದೊಳಗೆ ಮುಗಿಬೀಳುತ್ತವೆ. ಕೈ ಕೂದಲೆಳೆಯಷ್ಟು ಸರಿದರೂ ಬೇರೆಯದು ಸಿಗುತ್ತದೆ.

"ಕಾಕಾ, ಎಲ್ಲ ಹಾಕಿಟ್ಟರೆ ಯಾವುದಾದರೂ ಒಂದು ಸಿಕ್ಕೇ ಸಿಗುತ್ತದಲ್ಲ?" ಎಂದು ಹುಡುಗ ಕೇಳಿದ.

"ತೊಂದರೆ ಅದೇ ತಮ್ಮಾ, ಯಾವುದಾದರೂ ಒಂದು ಸಿಗುತ್ತದೆ" ಎಂದೆ.

ಕ್ವಾಡ್ರಂಟ್ ಹೋಗಲಿ, ನನ್ನ ಕಡು ವೈರಿ ನಿಯರೆಸ್ಟ್. ಗೆರೆಯ ಮೇಲೆ ಎಲ್ಲಿ ಬೇಕಾದರೂ ಹಿಡಿಯುವುದೇ ಅದರ ಕೆಲಸ. ಕರ್ಸರ್ ಮೂಲೆಗೆ ಮುಟ್ಟುವ ಮೊದಲೇ ದಾರಿಯಲ್ಲಿ ತಡೆದು ಕೂರಿಸುತ್ತದೆ. ಕಣ್ಣಿಗೆ ಮೂಲೆ ಕೂಡಿದಂತೆಯೇ ಕಾಣುತ್ತದೆ. ಝೂಮ್ ಮಾಡುತ್ತಾ ಹೋದರೆ ನಡುವೆ 0.2 ಮಿ.ಮೀ. ಸಂದು. ಆಕೃತಿಯೊಳಗೆ ತುಂಬುವ ಓರೆಗೆರೆಗಳು, ಅಂದರೆ ಹ್ಯಾಚ್, ತುಂಬುವುದಿಲ್ಲ, ಲೇಸರ್‌ನವರು ಫೋನ್ ಮಾಡಿ "ನಿಮ್ಮ ಆಕೃತಿ ಮುಚ್ಚಿಲ್ಲ" ಎನ್ನುತ್ತಾರೆ, ನಾವು ಅರ್ಧ ದಿನ ಆ ಸಂದು ಹುಡುಕುತ್ತಾ ಕೂರುತ್ತೇವೆ.

ಟ್ಯಾಬ್ ಕೀಲಿ ಒತ್ತಿದರೆ ಹತ್ತಿರದ ಸ್ನ್ಯಾಪ್‌ಗಳು ಒಂದಾದ ಮೇಲೊಂದು ಬರುತ್ತವೆ, ಹಾಗಾಗಿ ಎಲ್ಲ ಇದ್ದರೂ ಅಡ್ಡಿಯಿಲ್ಲ ಎಂದು ವಾದಿಸುವ ಗೆಳೆಯರಿದ್ದಾರೆ. ನಿಜವೇ. ಆದರೆ ಸಂಜೆ ಆರಕ್ಕೆ ಫೈಲು ಕಳಿಸಬೇಕೆಂದು ಮಾಲೀಕರು ಬಾಗಿಲಲ್ಲಿ ನಿಂತಿರುವಾಗ ಟ್ಯಾಬ್ ಒತ್ತಿ ಪರೀಕ್ಷಿಸಿದ ಒಬ್ಬನನ್ನೂ ನಾನು ಕಂಡಿಲ್ಲ.

ಇನ್ನೊಂದು ಗೊಂದಲವೂ ಇದೆ. ಎಫ್3 ಒತ್ತಿದರೆ ಈ ಆಬ್ಜೆಕ್ಟ್ ಸ್ನ್ಯಾಪ್, ಎಫ್9 ಒತ್ತಿದರೆ ಬರೀ ಸ್ನ್ಯಾಪ್. ಎರಡನೆಯದು ಗೆರೆಗಳನ್ನು ನೋಡುವುದೇ ಇಲ್ಲ, ಕರ್ಸರನ್ನು ನಿಗದಿತ ಅಂತರದಲ್ಲಿ ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡುತ್ತದೆ. ನೇರ ಗೆರೆಗೆಂದು ಎಫ್8 ಒತ್ತಲು ಹೋಗಿ ಬೆರಳು ಎಫ್9ಕ್ಕೆ ತಾಗಿ, ಮೌಸ್ ಕೆಟ್ಟಿತೆಂದು ಹೊಸ ಮೌಸ್ ಕೊಂಡವರನ್ನು ಬಲ್ಲೆ. (ಒಬ್ಬ ನಾನೇ.)

ನನ್ನ ಲೆಕ್ಕ ಇದು. ಪ್ರತಿ ಸ್ನ್ಯಾಪ್‌ಗೂ ಒಂದು ಅಂಕಿ ಇದೆ. ಎಂಡ್‌ಪಾಯಿಂಟ್ 1, ಮಿಡ್‌ಪಾಯಿಂಟ್ 2, ಸೆಂಟರ್ 4, ಇಂಟರ್‌ಸೆಕ್ಷನ್ 32. ಕೂಡಿದರೆ 39. ಓಎಸ್‌ಮೋಡ್ ಎಂದು ಟೈಪ್ ಮಾಡಿ 39 ಕೊಟ್ಟರೆ ಈ ನಾಲ್ಕೇ ಉಳಿಯುತ್ತವೆ. ಎಲ್ಲಕ್ಕೂ ಟಿಕ್ ಹಾಕಿದವರದು 16383. ಟ್ಯಾಂಜೆಂಟ್ (ವೃತ್ತವನ್ನು ಸ್ಪರ್ಶಿಸುವ ಬಿಂದು), ಕ್ವಾಡ್ರಂಟ್ ಬೇಕಾದಾಗ ಶಿಫ್ಟ್ ಹಿಡಿದು ಮೌಸಿನ ಬಲಗುಂಡಿ ಒತ್ತಿದರೆ ಪಟ್ಟಿ ಬರುತ್ತದೆ, ಆ ಒಂದು ಸಲಕ್ಕೆ ಆರಿಸಿಕೊಂಡರಾಯಿತು. ನಿಯರೆಸ್ಟ್ ಕೂಡ ಹಾಗೆಯೇ, ಕರೆದಾಗ ಬಂದು ಹೋಗುವ ನೆಂಟನಾಗಿರಲಿ.

ಹೊಸಬರಿಗೆ ಒಂದು ಅಭ್ಯಾಸ ಕೊಡುತ್ತೇನೆ. ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ತಲೆ ಎತ್ತಿ ನೋಡಿದವರಿಗೆ ಗೊತ್ತು, ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳಿವೆ. ಅದರ ನಕ್ಷೆಯ ಗುಟ್ಟು ಒಂದು ಚೌಕ ಮತ್ತು ಅದನ್ನೇ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ. ಕರ್ಣದ ನಡುಬಿಂದು ಹಿಡಿದು ತಿರುಗಿಸಿ, ಗೆರೆಗಳು ಕತ್ತರಿಸುವ ಎಂಟು ಬಿಂದುಗಳನ್ನು ಕೂಡಿಸಿ, ಅಷ್ಟಭುಜದ ಎಂಟೂ ಬದಿಗಳ ಅಳತೆ ತೆಗೆಯಿರಿ ಎನ್ನುತ್ತೇನೆ. 39 ಇಟ್ಟವರಿಗೆ ಎಂಟೂ ಒಂದೇ ಬರುತ್ತದೆ. 16383ರವರಲ್ಲಿ ಯಾರದಾದರೂ ಒಂದು ಬದಿ ಕೈ ಕೊಟ್ಟಿರುತ್ತದೆ.

ಗುಜರಿಗೆ ಹೋದ ಆ 18 ಪ್ಲೇಟುಗಳ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಮೊನ್ನೆ ಅವನ ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿ ಕಂಡಿತು. ನಾನು ಬರೆದುಕೊಟ್ಟ 39 ಹೊಡೆದು ಹಾಕಿ 167 ಎಂದು ಬರೆದಿದ್ದ. ಮನಸ್ಸಿನಲ್ಲೇ ಕಳೆದು ನೋಡಿದೆ, 128 ಹೆಚ್ಚು, ಪರ್ಪೆಂಡಿಕ್ಯುಲರ್. ಏಕೆಂದು ಕೇಳಿದೆ. "ಶೆಡ್ಡಿನ ಫ್ರೇಮ್ ಕೆಲಸ ಬಂದಿದೆ ಕಾಕಾ, ದಿನವಿಡೀ ಲಂಬವೇ ಎಳೆಯಬೇಕು. ಮುಗಿದ ಮೇಲೆ ತೆಗೆದುಬಿಡುತ್ತೇನೆ" ಎಂದ. ಚಹಾ ತರಿಸಿದೆ.