ದರಕಿನ ಹಾಸಿಗೆ ಕೋಳಿಗೆ ಬೇಡ

ಕೋಳಿ ಸಾಕಣೆಯ ನಿಮ್ಮ ಬರಹದಲ್ಲಿ, ದನದ ಕೊಟ್ಟಿಗೆಗೆ ಹಾಸುವ ದರಕನ್ನೇ (ಉದುರಿದ ಒಣ ಎಲೆ) ಮಾಂಸದ ಕೋಳಿಗೂ ಹಾಸಬಹುದು ಎಂದು ಬರೆದಿದ್ದೀರಿ. ಕುಮಟಾ, ಹೊನ್ನಾವರ ಕಡೆಯ ಜೂನ್-ಜುಲೈ ಮಳೆಯಲ್ಲಿ ಇದು ನಡೆಯುವುದಿಲ್ಲ. ಎಲೆ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಒಂದರ ಮೇಲೊಂದು ಅಂಟಿ ಅಡಿಯಲ್ಲಿ ಬೂಷ್ಟು ಕಟ್ಟುತ್ತದೆ. ಆ ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಬಾಯಿ ತೆರೆದು ಏದುಸಿರು ಬಿಡುತ್ತವೆ, ಮದ್ದು ಹೆಚ್ಚೇನೂ ಮಾಡುವುದಿಲ್ಲ. ಒಣ ಭತ್ತದ ಹೊಟ್ಟು ಮೂರು ಇಂಚು ಹಾಕಿ, ದಿನಾ ಕೆದಕಿ. ಒಂದು ಮುಷ್ಟಿ ಹಿಡಿದು ಬಿಡಿ: ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೆಗೆದು ಬದಲಿಸಿ. ಬಹುಪಾಲು ಒದ್ದೆಯಾಗುವುದು ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದರೆ ಚೆಲ್ಲುವುದು ಕಡಿಮೆ. ಗೂಡಿಗೆ ಬಗ್ಗಿದಾಗ ಕಣ್ಣು ಉರಿದರೆ ಅಮೋನಿಯಾ ಆಗಲೇ ಮಿತಿ ಮೀರಿದೆ. ಕೋಳಿಯ ಪಾದ ಸುಟ್ಟು ಕಪ್ಪು ಕಲೆ ಬೀಳುವುದೂ ಇಂಥ ಒದ್ದೆ ಹಾಸಿಗೆಯಲ್ಲೇ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು: ಕೊಯ್ಯುವ ಹಿಂದಿನ ದಿನವೇ ಕಾಳು, ನೀರು ಎರಡನ್ನೂ ನಿಲ್ಲಿಸಿ ಎಂದಿದ್ದೀರಿ. ದಯವಿಟ್ಟು ಆ ಸಾಲು ತಿದ್ದಿ. ಕಾಳು ಎಂಟರಿಂದ ಹತ್ತು ತಾಸು ನಿಲ್ಲಿಸಿದರೆ ಕರುಳು ಖಾಲಿಯಾಗುತ್ತದೆ. ನೀರು ಕೊನೆಯವರೆಗೂ ಇರಲೇಬೇಕು. ಈ ಸೆಕೆಯಲ್ಲಿ ರಾತ್ರಿಯಿಡೀ ಬಾಯಾರಿಸುವುದು ಹಿಂಸೆ. ಹಿಡಿಯುವುದನ್ನೂ ಕತ್ತಲಿರುವಾಗಲೇ, ರೆಕ್ಕೆ ಮೈಗೆ ಒತ್ತಿ ಎರಡೂ ಕೈಯಲ್ಲಿ ಹಿಡಿಯಿರಿ. ಕಾಲು ಹಿಡಿದು ತೂಗಾಡಿಸಿದರೆ ತೂಕದ ಕೋಳಿಯ ಸೊಂಟದ ಕೀಲೇ ತಪ್ಪುತ್ತದೆ.