ಮೊದಲು ಒಳ್ಳೆ ಕತ್ತರಿ ಕೊಡಿಸಿ

ಹೊಲಿಗೆ ಶುರು ಮಾಡುವ ಹದಿಹರೆಯದ ಮಕ್ಕಳಿಗೆ ದೊಡ್ಡ ಕಿಟ್ ಡಬ್ಬಿಯನ್ನೇ ಕೊಡಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನಂತೂ ಒಪ್ಪುವುದಿಲ್ಲ. ನನ್ನ ಮಗಳಿಗೆ 14 ತುಂಬಿದಾಗ ಅಂಥದ್ದೇ ಡಬ್ಬಿ ತಂದಿದ್ದೆ. ಅದರ ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು! ಆಮೇಲೆ 8 ಇಂಚಿನ ಒಳ್ಳೆ ಕತ್ತರಿ ತಂದೆವು. 10 ಇಂಚಿನದು ಎಳೆ ಕೈಗೆ ಭಾರ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು, ಮೊಂಡಾಗುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸಿದ ನಮ್ಮ ಯಜಮಾನರು ಇನ್ನೂ ಬೈಸಿಕೊಳ್ಳುತ್ತಿದ್ದಾರೆ.

60 ಇಂಚಿನ ಟೇಪು, ಟೈಲರ್ ಚಾಕ್, ಗುಂಡುಪಿನ್ನು, ನಾಲ್ಕೈದು ಬಾಬಿನ್ (ಮಿಷನ್ನಿನ ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ) ಸಾಕು. ಹೊಲಿಗೆ ಬಿಚ್ಚುವ ರಿಪ್ಪರ್ ಮಾತ್ರ ಬೇಕೇ ಬೇಕು. ಶುರುವಿನಲ್ಲಿ ಹೊಲಿಯುವುದಕ್ಕಿಂತ ಬಿಚ್ಚುವುದೇ ಜಾಸ್ತಿ ಅಲ್ವಾ?

ಮಿಷನ್ ಸೂಜಿಯ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಸಾಧಾರಣ ಕಾಟನ್‌ಗೆ 14ನೇ ನಂಬರು, ವಾಯಿಲ್‌ನಂಥ ತೆಳು ಬಟ್ಟೆಗೆ 11, ಜೀನ್ಸ್‌ಗೆ 16. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ಸುಮ್ನೆ ಮಿಷನ್ ರಿಪೇರಿಗೆ ಕೊಡಬೇಡಿ, ಮೊದಲು ಸೂಜಿ ಬದಲಿಸಿ ನೋಡಿ. ಹೊಸ ಕಾಟನ್ ಬಟ್ಟೆಯನ್ನು ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಲು ಹೇಳಿ. ನಮ್ಮವಳ ಮೊದಲ ಕುರ್ತಾ ಒಂದೇ ಒಗೆತಕ್ಕೆ ಕುಗ್ಗಿ ತಂಗಿಯ ಪಾಲಾಯಿತು.