ಕಾನ್‌ಸ್ಟಾನ್... ಮುಂದೇನು?

ಇಂಗ್ಲೆಂಡಿಗೆ ಬಂದ ಮೇಲೆ ನನಗೆ ರೋಮನ್ ನಾಣ್ಯಗಳ ಹುಚ್ಚು ಹತ್ತಿತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. ನನ್ನ ಜೇಬಿಗೆ ಎಟುಕಿದ್ದು 4ನೇ ಶತಮಾನದ ಕಂಚಿನ ಚಿಲ್ಲರೆ, ಅದೂ ತೊಳೆಯದ್ದು. ಇಪ್ಪತ್ತು ಕೊಂಡೆ. ನಮ್ಮ ಹಳೇ ಸ್ಟೀಲ್ ಹತ್ತು ಪೈಸೆಯಷ್ಟು ಅಗಲ, ಮೈತುಂಬ ಮಣ್ಣು.

ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ವಾರ ನೆನೆಸಿ, ಹಲ್ಲುಕಡ್ಡಿಯಲ್ಲಿ ಕೆರೆದೆ. ಒಂದರ ಹಿಂಬದಿಯಲ್ಲಿ ಇಬ್ಬರು ಸಿಪಾಯಿಗಳು ಕಂಡರು. ಅವರ ನಡುವೆ ಬಾವುಟದ ಕೋಲು ಎರಡಿದ್ದರೆ 330ರಿಂದ 335ರ ನಾಣ್ಯ, ಒಂದೇ ಇದ್ದರೆ ಆಮೇಲಿನದು. ನನ್ನದರಲ್ಲಿ ಒಂದೇ. ಇಲ್ಲಿವರೆಗೂ ಸಲೀಸು.

ತಲೆ ಕೆಟ್ಟಿದ್ದು ಮುಂಬದಿ ನೋಡಿದಾಗ. ಅಲ್ಲಿ ಅಪ್ಪನ ಹೆಸರೂ ಇರಬಹುದು, ಮಕ್ಕಳದೂ ಇರಬಹುದು. ಚಕ್ರವರ್ತಿ ಕಾನ್‌ಸ್ಟಾಂಟಿನಸ್ ಮಹಾರಾಯ ತನ್ನ ಗಂಡುಮಕ್ಕಳಲ್ಲಿ ಮೂವರಿಗೆ ಇಟ್ಟ ಹೆಸರು ಕಾನ್‌ಸ್ಟಾಂಟಿನಸ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್! ಒಂದೇ ಮನೆಯಲ್ಲಿ ವೆಂಕಟೇಶ, ವೆಂಕಟರಮಣ, ವೆಂಕಟಾಚಲ ಇದ್ದ ಹಾಗೆ. ನಾವಾದರೆ ದೊಡ್ಡ ವೆಂಕಿ, ಪುಟ್ಟ ವೆಂಕಿ ಅಂತ ಸುಧಾರಿಸುತ್ತೇವೆ. ಟಂಕಸಾಲೆಯವರೂ ಒಬ್ಬ ಮಗನ ಹೆಸರಿಗೆ 'ಕಿರಿಯ' ಅಂತ ಸೇರಿಸಿದ್ದುಂಟು. ಆದರೆ ನನ್ನ ನಾಣ್ಯದಲ್ಲಿ ಓದಲು ಸಿಕ್ಕಿದ್ದು 'ಕಾನ್‌ಸ್ಟಾನ್' ಅಷ್ಟೇ. ಮುಂದೆಲ್ಲಾ ಹಸಿರು ಕಿಲುಬು.

ಆಗ ಅಮ್ಮ ಊರಿಂದ ಬಂದಿದ್ದಳು. ಒಂದು ಶನಿವಾರ ತರಕಾರಿ ತಂದು ಒಳಗೆ ಬರುತ್ತೇನೆ, ಸಿಂಕಿನ ಪಕ್ಕ ಟವೆಲ್ ಹಾಸಿದೆ. ಅದರ ಮೇಲೆ ಎರಡು ದೀಪದ ಕಂಬ, ಒಂದು ಪಂಚಪಾತ್ರೆ, ಇಪ್ಪತ್ತು ರೋಮನ್ ನಾಣ್ಯ. ಎಲ್ಲವೂ ಪಳಪಳ. ಬಟ್ಟಲಲ್ಲಿ ಹುಣಸೆಹಣ್ಣು, ಉಪ್ಪು.

"ಎಷ್ಟು ಕೊಳಕು ಮಾಡಿಟ್ಟಿದ್ಯೋ! ಉಗುರೆಲ್ಲಾ ಸವೀತು."

1,600 ವರ್ಷಕ್ಕೂ ಜಾಸ್ತಿ ಮಣ್ಣಲ್ಲಿದ್ದು ಕೂಡಿಕೊಂಡ ಪದರ ಅದು. ಸಂಗ್ರಾಹಕರು ಪ್ರಾಣ ಬಿಡುವುದೇ ಆ ಬಣ್ಣಕ್ಕೆ. ಹುಳಿ ಅದನ್ನು ಹದಿನೈದು ನಿಮಿಷದಲ್ಲಿ ತಿಂದು ಮುಗಿಸಿತ್ತು. ಸಿಪಾಯಿಗಳು ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ಕೆಂಪಗೆ ನಿಂತಿದ್ದರು.

ಅಳು ಬಂದರೂ ಭೂತಗನ್ನಡಿ ಹಿಡಿದೆ. ಕಿಲುಬು ಹೋಗಿದೆ, ಈಗಲಾದರೂ ಹೆಸರು ಕಾಣಬೇಕಲ್ವಾ? ಕಂಡಿತು. 'ಕಾನ್‌ಸ್ಟಾನ್' ಆದ ಮೇಲೆ ಒಂದು 'ಟಿ', ಒಂದು 'ಐ'. ಅಲ್ಲಿಗೆ ನಾಣ್ಯದ ಅಂಚೇ ಮುಗಿಯಿತು. ಮುಂದಿನ ಅಕ್ಷರ 'ಎನ್' ಇದ್ದರೆ ಅಪ್ಪ ಅಥವಾ ಆ ಮೂವರಲ್ಲಿ ದೊಡ್ಡವನು, ಇಲ್ಲದಿದ್ದರೆ ನಡುವಿನವನು. ಅಚ್ಚು ಹಾಕಿದವನ ಕೈ ಆವತ್ತೇ ಓರೆ ಹೋಗಿತ್ತು.

"ಯಾರದೋ ಅದು?" ಅಮ್ಮ ಕೇಳಿದಳು.

"ಪುಟ್ಟ ವೆಂಕಿದಂತೂ ಅಲ್ಲ."

"ಇನ್ನೂ ಇದ್ರೆ ಈಗ್ಲೇ ಕೊಡು. ಹುಣಸೆ ರಸ ಮಿಕ್ಕಿದೆ."